ಅವ್ವನ ಬಯಕೆಯ ಮೀನು

ಲಂಡನ್ನಿನ ಪಾರ್ಕ್ ರಾಯಲ್ ಹತ್ತಿರ ಒಂದು ಕಡೆ ಕಾಲುವೆ ರಸ್ತೆಯ ಮೇಲಿಂದ ಹಾದುಹೋಗುತ್ತದೆ. ಕೆಳಗೆ ಸಾಲುಸಾಲು ಕಾರು, ಲಾರಿ; ಮೇಲೆ ಕಾಂಕ್ರೀಟಿನ ತೊಟ್ಟಿಯಲ್ಲಿ ನಿಂತೇ ಇದೆ ಅನ್ನಿಸುವ ಕಂದು ನೀರು. ಅಪ್ಪ ಮೊದಲ ಸಲ ಅಲ್ಲಿಗೆ ಕರೆದುಕೊಂಡು ಹೋದಾಗ ಇನ್ನೂ ಪೂರ್ತಿ ಬೆಳಕಾಗಿರಲಿಲ್ಲ. ನಾನು ಕಂಬಿ ಹಿಡಿದು ಕೆಳಗೆ ನೋಡಿದೆ. ಹೆಡ್‌ಲೈಟುಗಳು ನಮ್ಮ ಕಾಲಡಿಗೆ ಬಂದು ಮಾಯವಾಗಿ ಆಚೆ ಬದಿಗೆ ಕೆಂಪು ದೀಪಗಳಾಗಿ ಹೊರಬೀಳುತ್ತಿದ್ದವು. ಆ ಲಾರಿಗಳ ನೆತ್ತಿಯ ಮೇಲೆ ಮೀನುಗಳು ಓಡಾಡುತ್ತವೆ, ಡ್ರೈವರುಗಳಿಗೆ ಗೊತ್ತೇ ಇರುವುದಿಲ್ಲ ಎಂಬ ಯೋಚನೆ ಬಂದು, ಅದು ಎಷ್ಟೋ ದಿನ ನನ್ನ ನಿದ್ದೆಯಲ್ಲಿ ಈಜಾಡಿತು.

ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷವಾಗಿತ್ತು. ನನಗೆ ಹನ್ನೊಂದು. ಆಲ್ಪರ್ಟನ್‌ನಲ್ಲಿ ಒಂದು ಮನೆಯ ಮೇಲಿನ ಮಹಡಿಯಲ್ಲಿ ಬಾಡಿಗೆಗೆ ಇದ್ದೆವು. ಅಪ್ಪ ಪಾರ್ಕ್ ರಾಯಲ್‌ನ ಒಂದು ಬ್ರೆಡ್ ಫ್ಯಾಕ್ಟರಿಯಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದ. ಬೆಳಗಿನ ನಾಲ್ಕಕ್ಕೆ ಪಾಳಿ ಮುಗಿಸಿ ಮನೆಗೆ ಬಂದರೆ ಅಂಗಿಯಿಂದ ಸುಟ್ಟ ಹಿಟ್ಟಿನ ವಾಸನೆ ಬರುತ್ತಿತ್ತು. ನಾನು ಆಗಲೇ ಡೈರಿ ಬರೆಯುತ್ತಿದ್ದೆ. ತಾರೀಖು, ಮೋಡವೋ ಬಿಸಿಲೋ, ಶಾಲೆಗೆ ಹೋಗುವಾಗ ಕಂಡ ನಾಯಿಗಳು, ಹೀಗೆ ಎಲ್ಲದಕ್ಕೂ ಒಂದೊಂದು ಗೆರೆ ಎಳೆದ ಕಾಲಮ್ಮು. ಆ ವಸಂತದಲ್ಲಿ ಹೊಸದಾಗಿ ಎರಡು ಕಾಲಮ್ಮು ಸೇರಿದವು. ಒಂದು, ಮೀನು. ಇನ್ನೊಂದು, ಅವ್ವ ಉಂಡದ್ದು.

ಅವ್ವ ಐದು ತಿಂಗಳ ಬಸುರಿಯಾಗಿದ್ದಳು. ಹಿಂದಿನ ವರ್ಷವೂ ಆಗಿದ್ದಳು. ಆಗ ಆಸ್ಪತ್ರೆಗೆ ಹೋದವಳು ನಾಲ್ಕು ದಿನ ಬಿಟ್ಟು ಬರಿಗೈಯಲ್ಲಿ ವಾಪಸು ಬಂದು, ಕೋಟು ಕೂಡ ತೆಗೆಯದೆ ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದಳು. ಈ ಸಲ ಆಕೆಗೆ ಯಾವ ಊಟವೂ ಸೇರುತ್ತಿರಲಿಲ್ಲ. ಅನ್ನದ ಹಬೆ ಬಡಿದರೆ ಸಾಕು, ಬಚ್ಚಲಿಗೆ ಓಡುತ್ತಿದ್ದಳು. ವಾರಕ್ಕೊಮ್ಮೆ ನೋಡುವ ಮಿಡ್‌ವೈಫ್ ಆಕೆಯನ್ನು ತಕ್ಕಡಿಯ ಮೇಲೆ ನಿಲ್ಲಿಸಿ, ಹೀಗೇ ತೂಕ ಇಳಿಯುತ್ತಾ ಹೋದರೆ ಆಸ್ಪತ್ರೆಗೆ ಸೇರಿಸಿ ಡ್ರಿಪ್ ಹಾಕಬೇಕಾಗುತ್ತದೆ, ಕೂಸಿಗೂ ಒಳ್ಳೆಯದಲ್ಲ ಎಂದಳು. ಅದನ್ನು ಕನ್ನಡದಲ್ಲಿ ಹೇಳಿದವಳು ನಾನು.

"ಆ ದವಾಖಾನಿಗೆ ನಾ ಕಾಲ ಇಡೂದಿಲ್ಲ. ಹೇಳು ಅಕಿಗೆ," ಅಂದಳು ಅವ್ವ.

"ಅವ್ವ, ಶಿ ಈಸ್ ಜಸ್ಟ್ ಹೆಲ್ಪಿಂಗ್."

"ನನಗೂ ಗೊತ್ತೈತಿ. ಆದ್ರೂ ಹೇಳು."

ಅವ್ವ ಬಾಯಿಬಿಟ್ಟು ಕೇಳುತ್ತಿದ್ದದ್ದು ಒಂದೇ: ಹೊಳೆಮೀನಿನ ಸಾರು. ಅಪ್ಪ, ಅವ್ವ ಇಬ್ಬರೂ ವಿಜಾಪುರದ ಕಡೆಯ ಕೃಷ್ಣಾ ದಂಡೆಯ ಹಳ್ಳಿಗಳವರು. ಹರಗೋಲು ಹಾಕುವುದು, ಬಲೆ ಬೀಸುವುದು ಎರಡೂ ಮನೆತನಗಳ ಕೆಲಸ. ಅಪ್ಪ ನಮ್ಮ ದೇಶದವರ ಅಂಗಡಿಗಳಿರುವ ಸೌತಾಲ್‌ಗೆ ಹೋಗಿ ಐಸಿನಲ್ಲಿ ಕಲ್ಲಾಗಿದ್ದ ರೋಹು ಮೀನು ತಂದ. ಅವ್ವ ಮೂಸಿ ನೋಡಿ, "ಇದು ಸತ್ತು ಎಷ್ಟು ವರ್ಷಾತೋ ಏನೋ" ಎಂದು ದೂರ ಸರಿಸಿದಳು. ಸಮುದ್ರದ ಮೀನಿಗಂತೂ ಮೂಗು ಕೂಡ ತಾಗಿಸಲಿಲ್ಲ. ಅವತ್ತು ಎರಡನೇ ಕಾಲಮ್ಮಿನಲ್ಲಿ ಬರೆದದ್ದು: ಅರ್ಧ ಬಿಸ್ಕತ್ತು, ಲಿಂಬೆ ನೀರು.

ಅಪ್ಪ ಫೋನ್ ಕಾರ್ಡು ಹಾಕಿ ಊರಿಗೆ ಮಾತಾಡಿದ. ಸ್ಪೀಕರಿನಲ್ಲಿ ಅಜ್ಜಿಯ ದನಿ ನೀರಿನೊಳಗಿಂದ ಬಂದ ಹಾಗೆ ಬಂತು.

"ಬಯಕಿ ತೀರಸಪಾ. ಇಲ್ಲಂದ್ರ ಕೂಸಿನ ಕಿವಿ ಸೋರ್ತಾವ."

"ಹಿಡೀತೀನಿ ಬಿಡು ಯವ್ವಾ. ಇಲ್ಲೂ ನೀರೈತಿ."

"ನೀ ಹಿಡೀತಿ? ಹುಚ್ಚಪ್ಯಾಲಿ! ಹೇಣ್ತಿ ಬಸುರಿದ್ದಾಗ ಗಂಡಾದಾಂವ ಜೀವಾ ತಗೀತಾನೇನ್ ಎಲ್ಲ್ಯಾರ?"

"ಮತ್ತ ಯಾರು ಹಿಡೀಬೇಕು?"

"ಅದನ್ನೆಲ್ಲಾ ನನ್ನ ಕೇಳಬ್ಯಾಡ. ಬಯಕಿ ತೀರಸು, ಜೀವಾ ತಗೀಬ್ಯಾಡ. ಅಷ್ಟಽ."

ಕಾರ್ಡಿನ ನಿಮಿಷಗಳು ಮುಗಿದವು. ಅಪ್ಪ ಫೋನ್ ಆರಿಸಿ, ತಲೆ ಕೆರೆದುಕೊಂಡು, ಕಡೆಗೆ ನನ್ನ ಕಡೆ ನೋಡಿದ.

ಹನ್ನೆರಡು ತುಂಬದವರಿಗೆ ಇಲ್ಲಿ ಗಾಳ ಹಾಕಲು ಲೈಸೆನ್ಸ್ ಬೇಡ. ಆ ದಂಡೆಗೆ ದಿನದ ಟಿಕೆಟ್ ಒಂದು ಕೊಂಡರೆ ಸಾಕಿತ್ತು. ಅದನ್ನು ಮಾರುತ್ತಿದ್ದದ್ದು ಅಲ್ಲಿನ ಮೀನುಗಾರರ ಕ್ಲಬ್ಬಿನ ಕಾವಲಿನ ಮುದುಕ. ಹೆಣೆದ ಟೋಪಿ, ಬ್ರೇಕು ಕಿರುಗುಡುವ ಸೈಕಲ್ಲು, ಕೊರಳಲ್ಲಿ ಟಿಕೆಟ್ಟಿನ ಚೀಲ. ಅಪ್ಪ ಮೊದಲ ದಿನವೇ ಅವನಿಗೆ 'ಟಿಕೀಟ್ ಮುತ್ಯಾ' ಎಂದು ಹೆಸರಿಟ್ಟ; ಮುತ್ಯಾ ಎಂದರೆ ನಮ್ಮ ಕಡೆ ಅಜ್ಜ. ಅವನ ಇಂಗ್ಲಿಷಿನ ಅರ್ಧ ಮಾತು ಅಪ್ಪನಿಗೆ ತಿಳಿಯುತ್ತಿರಲಿಲ್ಲ. ಅಪ್ಪನ ಇಂಗ್ಲಿಷಿನ ಅರ್ಧ ಅವನಿಗೆ. ನಡುವೆ ನಾನು ನಿಂತಿರುತ್ತಿದ್ದೆ.

ಮುತ್ಯಾ ಮೊದಲೇ ಕಟ್ಟಳೆ ಹೇಳಿದ. ಈ ತಿಂಗಳುಗಳಲ್ಲಿ ನದಿಗಳಲ್ಲಿ ಗಾಳ ಹಾಕುವಂತಿಲ್ಲ, ಕಾಲುವೆಯಲ್ಲಿ ಹಾಕಬಹುದು. ಸಿಕ್ಕ ಮೀನನ್ನು ಮತ್ತೆ ನೀರಿಗೇ ಬಿಡಬೇಕು. ಒಂದು ಮೀನು ಮಾತ್ರ ಬೇರೆ: ಜ್ಯಾಂಡರ್.

"ಅದು ಈ ದೇಶದ್ದಲ್ಲ. ಯಾರೋ ಯಾವಾಗಲೋ ಯುರೋಪಿನಿಂದ ತಂದು ಬಿಟ್ಟರು, ಈಗ ಕಾಲುವೆಗಳಲ್ಲೆಲ್ಲ ಹರಡಿಕೊಂಡಿದೆ. ಸಿಕ್ಕರೆ ತಿರುಗಿ ಬಿಡುವ ಹಾಗಿಲ್ಲ. ಅಮೆರಿಕದಲ್ಲಿ ಇದರ ದಾಯಾದಿ ಒಂದಿದೆ, ವಾಲೈ ಅಂತ. ಅದನ್ನು ಹಿಡಿಯೋಕೆ ಅಲ್ಲಿನವರು ಕೆಲಸಕ್ಕೇ ರಜೆ ಹಾಕುತ್ತಾರಂತೆ. ಇಲ್ಲಿ ಇದನ್ನು ಯಾರೂ ಕೇಳುವುದಿಲ್ಲ. ತಿನ್ನೋಕೆ ಮಾತ್ರ ಬಹಳ ಚೆನ್ನಾಗಿದೆ."

ನಾನು ಹೇಳಿ ಮುಗಿಸುವ ಮೊದಲೇ ಅಪ್ಪ, "ನಮಗ ಬೇಕಾಗಿದ್ದು ಅದಽ" ಎಂದು ಟಿಕೆಟ್ಟಿನ ದುಡ್ಡು ತೆಗೆದ.

ಮುತ್ಯಾನೇ ತನ್ನ ಡಬ್ಬಿಯಿಂದ ಬೆರಳುದ್ದದ ಸತ್ತ ಮೀನುಗಳನ್ನು ಕೊಟ್ಟ, ಗಾಳಕ್ಕೆ ಸಿಕ್ಕಿಸಲು. ಅಪ್ಪ ಅವನ್ನು ಮುಟ್ಟುವ ಮೊದಲು ಯೋಚಿಸಿ, "ಸತ್ತಿದ್ದಽ ಅದಾವು. ನಾವೇನು ಕೊಂದಿಲ್ಲ" ಎಂದು ತನಗೆ ತಾನೇ ಹೇಳಿಕೊಂಡ. ಬಸಿರಿನ ಹೆಣ್ಣುಮೀನು ಸಿಕ್ಕೀತೆಂಬ ಭಯ ಅವನಿಗೆ ಇರಲೇ ಇಲ್ಲ. "ಮಿರಗದ ಮಳಿ ಬೀಳಬೇಕು, ಹೊಳಿಗೆ ಕೆಂಪು ನೀರು ಬರಬೇಕು, ಆಮ್ಯಾಲೆ ಮೀನಕ್ಕ ತತ್ತಿ. ಯುಗಾದಿಯಿಂದ ಮಿರಗದ ತನಾ ಹೊಟ್ಟಿ ಖಾಲಿ. ತಿನ್ನಾಕ ಇದಽ ಚೊಲೊ ವ್ಯಾಳ್ಯಾ." ಮಿರಗವೆಂದರೆ ಜೂನ್ ಮೊದಲ ವಾರದ ಮೃಗಶಿರ ಮಳೆ. ಹುಟ್ಟಿದಾಗಿನಿಂದ ಕಂಡ ಲೆಕ್ಕ ಅದು. ಲಂಡನ್ನಿನ ನೀರಿಗೆ ಅದು ಗೊತ್ತಿರಲಿಕ್ಕಿಲ್ಲ ಎಂದು ಅವನಿಗೆ ಹೊಳೆಯಲಿಲ್ಲ. ನನಗಂತೂ ಹೊಳೆಯುವುದು ಹೇಗೆ?

ಈಸ್ಟರ್ ರಜೆ ಶುರುವಾಯಿತು. ಅಪ್ಪ ಪಾಳಿ ಮುಗಿಸಿ ಬಂದು, ಚಹಾ ಕುಡಿದು, ನನ್ನನ್ನು ಎಬ್ಬಿಸುತ್ತಿದ್ದ. ಇಬ್ಬರೂ ಅರೆನಿದ್ದೆಯಲ್ಲಿ ನಡೆಯುತ್ತಿದ್ದೆವು. ನಾನು ನಿದ್ದೆಯಿಂದ ಹೊರಕ್ಕೆ, ಅವನು ನಿದ್ದೆಯ ಒಳಕ್ಕೆ. ಕಾಲುವೆಯ ಮೇಲೆ ಮಂಜು ಮೊಣಕಾಲೆತ್ತರಕ್ಕೆ ಮಲಗಿರುತ್ತಿತ್ತು. ಗಾಳಿ ಪಾರ್ಕ್ ರಾಯಲ್ ಕಡೆಯಿಂದ ಬಂದರೆ ಬೇಯುವ ಬ್ರೆಡ್ಡಿನ ವಾಸನೆ, ತಿರುಗಿದರೆ ಯಾವುದೋ ಮಸಾಲೆ ಕಾರ್ಖಾನೆಯ ಜೀರಿಗೆಯ ವಾಸನೆ. ಉದ್ದ ದೋಣಿಗಳಲ್ಲಿ ವಾಸವಿದ್ದವರ ಚಿಮಣಿಗಳಿಂದ ಹೊಗೆ ಏಳುವುದು, ಒಬ್ಬ ಹೆಂಗಸು ಗೌನಿನಲ್ಲೇ ಹೊರಬಂದು ಬಾತುಕೋಳಿಗಳನ್ನು ಬೈಯುವುದು. ನಾನು ಗಾಳದ ಕೋಲು ಹಿಡಿದು ನೀರಿನ ಮೇಲೆ ತೇಲುವ ಕೆಂಪು ಬೆಂಡನ್ನೇ ನೋಡುತ್ತಿದ್ದೆ. ಬಹಳ ಹೊತ್ತು ನೋಡಿದರೆ ಬೆಂಡು ನಿಂತು, ಕಾಲುವೆ, ದಂಡೆ, ನಾವು ಎಲ್ಲ ಮೆಲ್ಲಗೆ ತೇಲಿಹೋಗುತ್ತಿರುವಂತೆ ಆಗುತ್ತಿತ್ತು. ಅಪ್ಪ ಬೆಂಚಿನ ಮೇಲೆ ಕೂತಲ್ಲೇ ಗೊರಕೆ ಹೊಡೆಯುತ್ತಿದ್ದ. ನಿದ್ದೆಯಲ್ಲೇ ಒಮ್ಮೆ, "ಹರಗೋಲ ತಿರಗಸು, ಸುಳಿ ಐತಿ ಅಲ್ಲಿ" ಎಂದ. ನಾನು ಕೋಲನ್ನು ಸ್ವಲ್ಪ ಎಡಕ್ಕೆ ತಿರುಗಿಸಿದೆ.

ಮೊದಲ ವಾರದ ಡೈರಿಯಲ್ಲಿ ಮೀನಿನ ಕಾಲಮ್ಮಿನ ತುಂಬ ಸೊನ್ನೆಗಳು. ಎರಡನೇ ಕಾಲಮ್ಮು ಅದಕ್ಕಿಂತ ಚೆನ್ನಾಗೇನೂ ಇರಲಿಲ್ಲ.

ಎರಡನೇ ಶನಿವಾರ ಅವ್ವ, "ನಾನೂ ಬರ್ತೇನಿ. ನೀರರೆ ನೋಡ್ತೇನಿ" ಎಂದು ಎದ್ದಳು. ಅಪ್ಪನ ಫ್ಯಾಕ್ಟರಿಯ ದಪ್ಪ ಕೋಟು ಹಾಕಿಕೊಂಡು, ಎರಡು ಕಡೆ ನಿಂತು ಉಸಿರು ತೆಗೆದುಕೊಂಡು, ದಂಡೆಗೆ ಬಂದು ಬೆಂಚಿನ ಮೇಲೆ ಕೂತಳು. ಮುತ್ಯಾ ಸೈಕಲ್ಲಿನಿಂದ ಇಳಿದು ಟೋಪಿ ಮುಟ್ಟಿ ನಮಸ್ಕರಿಸಿದ. ಸ್ವಲ್ಪ ಹೊತ್ತಿಗೆ ಬೆಂಡು ಅಲುಗಿತು. ಮುಳುಗಲಿಲ್ಲ; ಯಾರೋ ಬೆರಳಿನಿಂದ ಮೆಲ್ಲಗೆ ತಳ್ಳಿದಂತೆ ಪಕ್ಕಕ್ಕೆ ನಡೆಯಿತು. ಆಮೇಲೆ ಕಾಣಿಸಲಿಲ್ಲ. ಕೋಲು ನನ್ನ ಕೈಯಲ್ಲಿ ಬಾಗಿತು.

"ಸಡಲ ಬಿಡು, ಸಡಲ ಬಿಡು!" ಅಪ್ಪ ನಿದ್ದೆಯಿಂದ ಹಾರಿ ನಿಂತ. "ಎಳೀಬ್ಯಾಡ. ತಾನಽ ಬರ್ತೈತಿ ಅದು."

"ಹುಡುಗಿನ್ನಽ ಎಳಕೊಂಡು ಹೊಕ್ಕೈತಿ ನೋಡ್ರಿ ಅದು. ನೀವಽ ಹಿಡೀರಲ್ಲಾ," ಅಂದಳು ಅವ್ವ.

"ಹಿಡಿಯಂಗಿಲ್ಲಲೇ ನಾನು."

"ಕೈಯಾಗ ಬಲಿ ಹಿಡದೀರಿ, ಅದೇನು?"

"ಬಲಿ ಹಿಡಿಯೂದು ಕೊಲ್ಲೂದಲ್ಲ."

"ತಡೀರಿ, ನಿಮ್ಮವ್ವಗ ಹೇಳ್ತೇನಿ."

ಮೀನು ಮೇಲೆ ಬಂತು. ಹಸಿರು ಬೆರೆತ ಬಂಗಾರದ ಬಣ್ಣ, ಬೆನ್ನಿನ ಮೇಲೆ ಮುಳ್ಳಿನ ಬಾಚಣಿಕೆ. ಕಣ್ಣುಗಳು ಹಾಲು ಬೆರೆಸಿದ ಗಾಜಿನ ಹಾಗೆ; ನಮ್ಮನ್ನು ನೋಡುತ್ತಿದ್ದವೋ ನಮ್ಮ ಹಿಂದಿನ ಬೆಳಕನ್ನು ನೋಡುತ್ತಿದ್ದವೋ ಹೇಳಲಾಗದು. ಅಪ್ಪ ಹಿಡಿಕೆಯ ಬಲೆಯನ್ನು ಅದರ ಅಡಿಗೆ ಸರಿಸಿದ. ಎತ್ತುವ ಮೊದಲು ಇನ್ನೊಂದು ಕೈಯನ್ನು ನೀರಿಗಿಳಿಸಿ ಹೊಟ್ಟೆಯ ಕೆಳಗೆ ಆನಿಸಿದವನು ಹಾಗೇ ನಿಂತುಬಿಟ್ಟ.

"ಏನಾತ್ರೀ?"

"ತುಂಬಿದ ಬಸುರಿ ಐತಿ ಇದು."

ಅವ್ವ ಎದ್ದು ಬಂದು, ಕಲ್ಲಂಚಿನ ಮೇಲೆ ಕಷ್ಟಪಟ್ಟು ಮಂಡಿಯೂರಿದಳು. ಬಲೆಯೊಳಗೆ ಕೈಯಿಟ್ಟಳು. ಹೊರತೆಗೆದಾಗ ಆಕೆಯ ಬೆರಳಿಗೆ ಗಸಗಸೆಯಂಥ ತೆಳು ಹಳದಿ ಕಾಳುಗಳು ಅಂಟಿಕೊಂಡಿದ್ದವು.

"ಈಗ ಹೆಂಗ?" ಅಪ್ಪ ಗಡಿಯಾರವೇ ತಪ್ಪು ತೋರಿಸಿತೆಂಬಂತೆ ನನ್ನನ್ನು ನೋಡಿದ. "ಮಿರಗಾ ಇನ್ನೂ ಎರಡು ತಿಂಗಳೈತಿ. ಕೇಳು ಮುತ್ಯಾನ್ನ."

ಕೇಳಿದೆ. ಇಲ್ಲಿನ ಮೀನುಗಳು ಯಾವ ಮಳೆಗೂ ಕಾಯುವುದಿಲ್ಲ ಎಂದ ಮುತ್ಯಾ. ಚಳಿ ಬಿಟ್ಟು ನೀರು ಸ್ವಲ್ಪ ಬೆಚ್ಚಗಾದರೆ ಸಾಕು. ಇದು ಇನ್ನು ವಾರದೊಳಗೆ ಮೊಟ್ಟೆ ಇಡುವಂಥದ್ದು.

ಅವ್ವ ಬೆರಳನ್ನು ನೀರಿನಲ್ಲಿ ಅದ್ದಿ ಕಾಳುಗಳನ್ನು ತೊಳೆದುಬಿಟ್ಟಳು. "ಬಿಡ್ರಿ ಇದನ್ನ."

"ಏ, ಇಷ್ಟ ದಿನಾ ಇದರ ಸಲುವಾಗೇ ಕುಂತಿದ್ವಿ. ಸೋಮವಾರ ತೂಕಾ ನೋಡ್ತಾರ. ನೀ ಉಣಬೇಕಲ್ಲ?"

"ನನ್ನ ಬಾಯಾಗ ಇಳಿಯೂದಿಲ್ಲ ಇದು. ಬಿಡ್ರಿ."

ನಾನು ಮುತ್ಯಾನಿಗೆ ಹೇಳಿದೆ. ಅವನು ತಲೆಯಾಡಿಸಿದ. ಬಿಡುವ ಹಾಗಿಲ್ಲ, ಮೊದಲೇ ಹೇಳಿದ್ದೆನಲ್ಲ. ಅದರಲ್ಲೂ ಇಂಥದ್ದನ್ನು ಬಿಟ್ಟರೆ ಒಂದನ್ನು ಬಿಟ್ಟಂತಲ್ಲ, ಹೊಟ್ಟೆಯಲ್ಲಿರುವುದನ್ನೆಲ್ಲ ಬಿಟ್ಟಂತೆ.

"ಏನಂದಾ?" ಅವ್ವ ಕೇಳಿದಳು.

"ರೂಲ್ ಅಂತ."

"ಯಾರ ರೂಲ್? ಇವನ ಹೇಣ್ತಿ ಹಡದಿಲ್ಲೇನು? ಕೇಳು."

"ಅವ್ವ, ಐ ಕಾಂಟ್ ಆಸ್ಕ್ ದಟ್!"

"ಕೇಳಂದ್ರ ಕೇಳು."

ನಿಮಗೆ ಮಕ್ಕಳಿದ್ದಾರಾ ಎಂದು ಅವ್ವ ಕೇಳುತ್ತಿದ್ದಾಳೆ ಎಂದೆ. ಮುತ್ಯಾ ಟೋಪಿ ಹಿಂದಕ್ಕೆ ಸರಿಸಿದ. "ಮೂರು. ದೊಡ್ಡವಳು ಹುಟ್ಟುವಾಗ ನಾನು ಇದೇ ದಂಡೆಯ ಮೇಲೆ ಗಾಳ ಹಾಕಿ ಕೂತಿದ್ದೆ. ನನ್ನ ಹೆಂಡತಿ ಇವತ್ತಿಗೂ ಅದನ್ನು ಎತ್ತಿ ಆಡುತ್ತಾಳೆ."

ಕನ್ನಡದಲ್ಲಿ ಹೇಳಿದೆ. ಅವ್ವ ಅವನನ್ನೇ ನೋಡುತ್ತ ಮಂಡಿಯೂರಿದವಳು ಏಳಲೇ ಇಲ್ಲ. ಕೋಟು ಎರಡೂ ಕಡೆ ಸರಿದು ಹೊಟ್ಟೆ ಕಾಣುತ್ತಿತ್ತು. ಮುತ್ಯಾ ಅವ್ವನನ್ನು ನೋಡಿದ, ಬಲೆಯನ್ನು ನೋಡಿದ.

"ಬಲೆಯನ್ನು ನೀರಿನಿಂದ ಎತ್ತಿದ್ದೀರಾ?"

"ಇಲ್ಲ."

"ದಂಡೆಗೆ ಎತ್ತಿದರೆ ತಾನೇ ಹಿಡಿದ ಹಾಗೆ? ಎತ್ತದ್ದನ್ನು ನಾನು ಮೀನು ಅನ್ನುವುದಿಲ್ಲ. ಬಲೆಯ ಅಂಚಿನಲ್ಲಿ ತಪ್ಪಿಸಿಕೊಳ್ಳುವ ಮೀನುಗಳು ಎಷ್ಟೋ. ನಿನ್ನ ಅಪ್ಪನ ಕೈ ಅಷ್ಟೇನೂ ಬಿಗಿಯಾಗಿ ಕಾಣುವುದಿಲ್ಲ."

ಅಪ್ಪನಿಗೆ ಹೇಳಿದೆ. ಅವನ ಮುಖ ಕೆಂಪಾಯಿತು. "ಯಾರ ಕೈ? ಹರಗೋಲದಾಗ ಹುಟ್ಟಿದ ಕೈ ಇವು! ಹೇಳು ಅವಗ!"

ಅವ್ವ ನಕ್ಕಳು. ಹೊಟ್ಟೆ ಹಿಡಿದುಕೊಂಡು, ಕಲ್ಲಿನ ಮೇಲೆ ಒಂದು ಕೈ ಊರಿ ನಕ್ಕಳು. "ಬಿಡ್ರಿ, ಬಿಡ್ರಿ. ಹರಗೋಲದಾಗ ಹುಟ್ಟಿದವರ ಕೈ ಜಾರಲಿ ಒಮ್ಮೆ."

ಮುತ್ಯಾ ಕೊಟ್ಟ ಚಿಮಟದಿಂದ ನೀರಿನೊಳಗೇ ಗಾಳ ಬಿಡಿಸಿದೆ. ಅಪ್ಪ ಬಲೆಯನ್ನು ಒಂದು ಪಕ್ಕಕ್ಕೆ ಓರೆ ಮಾಡಿದ. ಮೀನು ತಕ್ಷಣ ಹೋಗಲಿಲ್ಲ. ಬಂಗಾರದ ನೆರಳೊಂದು ಅಲ್ಲೇ ಸ್ವಲ್ಪ ಹೊತ್ತು ಉಸಿರಾಡಿ, ಆಮೇಲೆ ಕಂದು ನೀರೇ ಅದನ್ನು ಒಳಗೆ ಕರೆದುಕೊಂಡಿತು. ಅವತ್ತು ಮೀನಿನ ಕಾಲಮ್ಮಿನಲ್ಲಿ ಸೊನ್ನೆ ಬರೆಯಲೋ ಒಂದು ಬರೆಯಲೋ ತಿಳಿಯದೆ ಬಿಟ್ಟೆ.

ಸೋಮವಾರ ತೂಕ ಇನ್ನೂ ಇಳಿದಿತ್ತು. ಇನ್ನೊಂದು ವಾರ ನೋಡುತ್ತೇನೆ, ಆಮೇಲೆ ಆಸ್ಪತ್ರೆಯೇ, ಎಂದಳು ಮಿಡ್‌ವೈಫ್. ಅವಳ ದನಿ ಗಟ್ಟಿಯಾಗಿತ್ತು, ಕೈ ಮಾತ್ರ ಅವ್ವನ ಭುಜದ ಮೇಲಿತ್ತು. ಬಸ್ಸಿನಲ್ಲಿ ಅವ್ವ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಬಿಟ್ಟ ಮೀನಿನ ಮಾತು ಅಪ್ಪನ ನಾಲಿಗೆಯ ತುದಿಯಲ್ಲಿತ್ತು ಎಂದು ನನಗೆ ಗೊತ್ತಾಗುತ್ತಿತ್ತು. ಅವನು ಅದನ್ನು ನುಂಗಿ, ಅವ್ವನ ಕೋಟಿನ ಗುಂಡಿ ಹಾಕಿದ.

ಮನೆಗೆ ಬಂದ ಮೇಲೆ ಅವ್ವ ನನ್ನನ್ನು ಕರೆದು, "ಆ ಮೀನ ತತ್ತಿ ಇಟ್ಟ ಮ್ಯಾಲೆ ಏನ ಮಾಡ್ತೈತಿ? ಕೇಳಿ ಬಾ" ಎಂದಳು. ಮರುದಿನ ಬೆಳಿಗ್ಗೆ ಮುತ್ಯಾನನ್ನು ಹುಡುಕಿ ಕೇಳಿದೆ. ಮೊಟ್ಟೆಯಿಟ್ಟ ಮೇಲೆ ಹೆಣ್ಣು ಹೊರಟುಹೋಗುತ್ತದೆ, ಹಸಿದು ಸಿಕ್ಕಿದ್ದನ್ನೆಲ್ಲ ತಿನ್ನುತ್ತದೆ. ಗಂಡು ಗೂಡಿನ ಮೇಲೆ ನಿಂತು, ರೆಕ್ಕೆಯಿಂದ ನೀರು ಬೀಸುತ್ತ, ಮರಿಯಾಗುವವರೆಗೆ ಊಟವಿಲ್ಲದೆ ಕಾಯುತ್ತದೆ. ಆದ್ದರಿಂದ ಜೊಂಡಿನ ಅಂಚಿಗೆ ಈಗ ಗಾಳ ಹಾಕಬೇಡಿ. ಮೊಟ್ಟೆಯ ಕಾಲ ಮುಗಿದ ಮೇಲೆ ಸೇತುವೆಯ ಹತ್ತಿರ, ನಡುನೀರಿನಲ್ಲಿ ಹಾಕಿ.

"ಗಂಡು ಉಪಾಸ ನಿಂದರ್ತೈತಂತ. ಕೇಳ್ರಿ, ಕಲೀರಿ," ಎಂದಳು ಅವ್ವ.

"ನಾ ಏನ ದಿನಾ ಹಬ್ಬದ ಊಟಾ ಮಾಡಾಕತ್ತೇನೇನು? ಬ್ರೆಡ್ಡಿನ ಅಂಚು ತಿಂದು ಬರ್ತೇನಿ."

ಅವತ್ತು ಸಂಜೆ ಅವ್ವ ತಾನೇ ಎದ್ದು ಜೋಳದ ಅಂಬಲಿ ಕಾಯಿಸಿದಳು. ಮೂಗಿಗೆ ಸೆರಗು ಒತ್ತಿಕೊಂಡು, ಔಷಧಿ ಕುಡಿದಂತೆ ಎರಡು ಚಮಚ ಕುಡಿದಳು. ಅಪ್ಪ, ನಾನು ಉಸಿರು ಬಿಗಿಹಿಡಿದು ನೋಡಿದೆವು. ಅದು ಹೊಟ್ಟೆಯಲ್ಲೇ ನಿಂತಿತು.

"ಏನ ನೋಡ್ತೀರಿ ಇಬ್ಬರೂ? ಆ ಮೀನ ತತ್ತಿ ಇಟ್ಟು ಮುಗಿಸೂತನಾ ನಾ ನಿಂದರಬೇಕಲ್ಲ."

ಅಲ್ಲಿಂದ ಮುಂದಿನ ದಿನಗಳು ನನ್ನ ನೆನಪಿನಲ್ಲಿ ಒಂದೇ ಉದ್ದ ಮಧ್ಯಾಹ್ನದ ಹಾಗಿವೆ. ಅಪ್ಪ ಒಳಗೆ ಮಲಗಿರುವುದು, ಅವ್ವ ಕಿಟಕಿಯ ಹತ್ತಿರ ಬಟ್ಟಲು ಹಿಡಿದು ಕೂತಿರುವುದು, ಹಿತ್ತಿಲ ಚೆರಿ ಮರದ ಹೂವು ಗಾಳಿಗೆ ಉದುರಿ ಕೆಳಗಿನ ಮನೆಯವರ ಒಣಹಾಕಿದ ಬಟ್ಟೆಗೆ ಅಂಟುವುದು. "ಇಟ್ಟಿರಬೇಕೇನು ಈಗ?" ಎಂದು ಅವ್ವ ನನ್ನನ್ನೇ ಮೀನಿನ ಸೂಲಗಿತ್ತಿ ಅಂದುಕೊಂಡವಳಂತೆ ಕೇಳುತ್ತಿದ್ದಳು. ಡೈರಿಯಲ್ಲಿ ಎರಡು ಚಮಚ ಎಂದಿದ್ದದ್ದು ಕಾಲು ಬಟ್ಟಲಾಯಿತು, ಆಮೇಲೆ ಅರ್ಧ. ಒಂದು ದಿನ ಅಂಬಲಿಯ ಜೊತೆ ಉಪ್ಪಿನಕಾಯಿಯ ಒಂದು ಹೋಳು. ಒಂದು ದಿನ ಎಲ್ಲವೂ ವಾಂತಿಯಾಗಿ ಹೋಗಿ, ಅವ್ವ ಬಾಯಿ ತೊಳೆದುಕೊಂಡು ಬಂದು ಮತ್ತೆ ಬಟ್ಟಲು ಹಿಡಿದಳು. ಮುಂದಿನ ಸೋಮವಾರ ತೂಕ ಏರಿರಲಿಲ್ಲ, ಇಳಿದೂ ಇರಲಿಲ್ಲ. ಮಿಡ್‌ವೈಫ್ ತಕ್ಕಡಿಯ ಮುಳ್ಳನ್ನು ಎರಡು ಸಲ ನೋಡಿ, ಸರಿ, ಇನ್ನೊಂದು ವಾರ, ಎಂದಳು. ಅದರ ಮುಂದಿನ ಸೋಮವಾರವೂ ಅದನ್ನೇ ಹೇಳಿದಳು.

ಮೇ ತಿಂಗಳ ನಡುವೆ ಒಂದು ಶನಿವಾರ, ಮುತ್ಯಾ ಹೇಳಿದ ಸೇತುವೆಯ ಹತ್ತಿರ ಬೆಂಡು ಮತ್ತೆ ಮೆಲ್ಲಗೆ ನಡೆಯಿತು. ಈ ಸಲ ಬಂದದ್ದು ಉದ್ದನೆಯ, ಸೊರಗಿದ ಹೆಣ್ಣು. ಹೊಟ್ಟೆ ಖಾಲಿ ಚೀಲದ ಹಾಗೆ ಜೋತಿತ್ತು. ಅಪ್ಪ ಮುಟ್ಟಿ ನೋಡಿ, "ಹಡದಾಳ" ಎಂದ. ಬಲೆಯನ್ನು ಹುಲ್ಲಿನ ಮೇಲೆ ಎತ್ತಿಟ್ಟು, ಮೀನಿಗೆ ಬೆನ್ನು ತಿರುಗಿಸಿ, ರಸ್ತೆಯ ಕಡೆ ಮುಖ ಮಾಡಿ ನಿಂತ. ಮುತ್ಯಾ ತನ್ನ ಗಿಡ್ಡ ಕೋಲು ತೆಗೆದು ಒಂದೇ ಏಟಿಗೆ ಮುಗಿಸಿದ. ನಿನ್ನ ಅಪ್ಪ ಯಾಕೆ ಆಕಡೆ ತಿರುಗಿದ ಎಂದು ಕೇಳಿದ. ಹೆಂಡತಿ ಬಸುರಿಯಾಗಿದ್ದಾಗ ಗಂಡ ಜೀವ ತೆಗೆಯುವ ಹಾಗಿಲ್ಲ ಎಂದೆ.

"ಒಂಬತ್ತು ತಿಂಗಳೂನಾ?" ಮುತ್ಯಾ ಕೋಲು ಒರೆಸುತ್ತ ಯೋಚಿಸಿದ. "ಅಂದರೆ ಮೀನು ಬೇರೆಯವರು ಹಿಡೀಬೇಕು, ಇವನು ಬೆಂಚಿನ ಮೇಲೆ ಮಲಗಬೇಕು. ನಿಮ್ಮ ಊರಿನ ಗಂಡಸರು ಬುದ್ಧಿವಂತರು."

ಅವ್ವ ಪೇಪರು ಹಾಸಿ ತಾನೇ ಮೀನು ಹೆರೆದಳು. ಯಾರನ್ನೂ ಹತ್ತಿರ ಬಿಡಲಿಲ್ಲ. ಬೆಳ್ಳುಳ್ಳಿ, ಒಣಕೊಬ್ಬರಿ, ಬ್ಯಾಡಗಿ ಮೆಣಸಿನಕಾಯಿ ಅರೆದಳು, ಹುಣಸೆಹಣ್ಣು ಕಿವುಚಿದಳು. ಸಾರು ಕುದಿಯುವಾಗ ನಾವು ಕಿಟಕಿಗಳನ್ನೆಲ್ಲ ತೆರೆದಿಟ್ಟು, ಆಕೆ ಬಚ್ಚಲಿನ ಕಡೆ ಓಡುವ ದಾರಿ ಬಿಟ್ಟು ಗೋಡೆಗೊರಗಿ ನಿಂತೆವು. ಆಕೆ ಓಡಲಿಲ್ಲ. ಮೂಗಿನಿಂದ ಸೆರಗು ತೆಗೆದು, ಸೌಟಿನಿಂದ ಅಂಗೈಗೆ ಹನಿಸಿಕೊಂಡು ನೆಕ್ಕಿದಳು. ಉಪ್ಪು ಹಾಕಿದಳು.

ಕೂತೆವು. ಅವ್ವ ರೊಟ್ಟಿ ಮುರಿದು, ಮೀನಿನ ತುಂಡು ಬಿಡಿಸಿ, ಬಾಯಿಗಿಟ್ಟು, ಬಹಳ ಹೊತ್ತು ಅಗಿದಳು. ಅಪ್ಪನ ತುತ್ತು ಕೈಯಲ್ಲೇ ಇತ್ತು.

"ಹೆಂಗೈತಿ?"

"ಮುಳ್ಳು ಕಡಿಮಿ. ರುಚೀನೂ ಕಡಿಮಿ." ಅವ್ವ ನುಂಗಿ, ಇನ್ನೊಂದು ತುಂಡು ಬಿಡಿಸಿದಳು. "ನಮ್ಮ ಹೊಳಿ ಮೀನಿನಂಗ ಮಣ್ಣಿನ ವಾಸನೀನಽ ಇಲ್ಲ ಇದಕ್ಕ. ಬರೇ ನೀರು."

ಅಪ್ಪ ತಲೆ ತಗ್ಗಿಸಿದ. ಅವ್ವ ಎರಡನೇ ರೊಟ್ಟಿಗೆ ಕೈ ಹಾಕಿ, ತನ್ನ ಊಟದ ಗಂಗಾಳವನ್ನು ಅವನ ಕಡೆ ದೂಡಿದಳು.

"ಸುಮ್ಮನ ಯಾಕ ಕುಂತೀರಿ? ಸಾರಿನಾಗ ತಲಿ ಐತಲ್ಲ? ತಲಿ ಹಾಕ್ರಿ ನನಗ."